ಮನೆಯವರ ಸರಕು

ಶ್ರೀನಿವಾಸಪುರ
೯ ಜೂನ್ ೨೦೨೪, ಭಾನುವಾರ

ಪ್ರೀತಿಯ ಅಕ್ಕನಿಗೆ ತಮ್ಮ ಮುನಿರಾಮಪ್ಪನ ನಮಸ್ಕಾರ.

ಸೊಂಟದ ನೋವು ಹೇಗಿದೆ? ಆ ರಾಯಚೂರಿನ ಬಿಸಿಲಿನಲ್ಲಿ ನೀರು ಸರಿಯಾಗಿ ಕುಡಿಯುತ್ತಿದ್ದೀಯಾ, ಇಲ್ಲ ಮಗಳ ಮನೆಯಲ್ಲೂ ಬರೀ ಕಾಫಿಯಲ್ಲೇ ದಿನ ದೂಡುತ್ತಿದ್ದೀಯಾ? ಅಲ್ಲಿಗೆ ಹೊರಟಿರುವ ಲಾರಿಯಲ್ಲಿ ಎರಡು ಕ್ರೇಟು ಮಾವಿನಹಣ್ಣು ಕಳಿಸುತ್ತಿದ್ದೇನೆ. ಬಾದಾಮಿ ಬಂದ ದಿನವೇ ತಿನ್ನಬಹುದು, ಮಲ್ಲಿಕಾ ಇನ್ನೂ ಮಾಗಬೇಕು. ಫೋನಿನಲ್ಲಿ ಮಾತಾಡೋಣವೆಂದರೆ ಮಗ ಕದಿರೇಶ ಪಕ್ಕದಲ್ಲೇ ಇರುತ್ತಾನೆ, ಅದಕ್ಕೇ ಕ್ರೇಟಿನಲ್ಲಿ ಈ ಕಾಗದ ಇಡುತ್ತಿದ್ದೇನೆ.

ವಿಷಯ ನಿನ್ನ ಆ ಮುದ್ದಿನ ಸೋದರಳಿಯನದೇ. ಅವನನ್ನು ನಮ್ಮ ಮಾವಿನ ಮಂಡಿಗೆ ಕರೆತರಲು ನಾನು ಪಟ್ಟ ಪಾಡು ನಿನಗೆ ಗೊತ್ತು. ಬೈದೆ, ಪುಸಲಾಯಿಸಿದೆ, ಬೈಕ್ ಕೊಡಿಸಿದೆ. ಬೈಕ್ ಬಂತು, ಹುಡುಗ ಬರಲಿಲ್ಲ. ಈಗ ಅವನ ಬಿಬಿಎ ಕಾಲೇಜಿಗೆ ಶಾನವಾಜ್ ಎಂಬ ಹೊಸ ಮೇಷ್ಟ್ರು ಬಂದಿದ್ದಾನೆ. ಆತ ಪಾಠದ ಬದಲು ಕಂಪ್ಯೂಟರಿನಲ್ಲಿ ವ್ಯಾಪಾರದ ಆಟ ಆಡಿಸುತ್ತಾನಂತೆ. ಹುಡುಗರನ್ನು ತಂಡ ಮಾಡಿ, ತಂಡಕ್ಕೊಂದು ಮಾವಿನ ರಸದ ಕಂಪನಿ ಕೊಡುವುದು. ಅವರು ಹಣ್ಣು ಕೊಳ್ಳಬೇಕು, ರಸಕ್ಕೆ ಬೆಲೆ ಕಟ್ಟಬೇಕು, ಸರಕು ಉಳಿದು ಕೊಳೆತರೆ ನಷ್ಟ. ಎಲ್ಲಾ ಸುಳ್ಳು, ಅಕ್ಕಾ. ಒಂದು ಹಣ್ಣೂ ಇಲ್ಲ, ಒಂದು ನೊಣವೂ ಇಲ್ಲ. ಆ ಸುಳ್ಳು ಹಣ್ಣಿಗಾಗಿ ನಮ್ಮ ಕದಿರೇಶ ಕೋಳಿ ಕೂಗುವ ಮೊದಲೇ ಏಳುತ್ತಾನೆ! ಊಟಕ್ಕೆ ಕೂತರೂ ಸಾರ್ ಹಂಗಂದ್ರು, ಸಾರ್ ಹಿಂಗಂದ್ರು. ಬೆಲೆ ಬಿದ್ದಾಗ ಸರಕು ಹಿಡಿದಿಟ್ಟುಕೊಂಡು ಕೂರಬಾರದು ಎಂದು ಸಾರ್ ಹೇಳಿದರಂತೆ. ಅದನ್ನು ಅವನಿಗೆ ಮೀಸೆ ಮೂಡುವ ಮೊದಲಿನಿಂದ ಹೇಳುತ್ತಾ ಬಂದವನು ನಾನು. ನಾನು ಹೇಳಿದಾಗ ಆಕಳಿಸುತ್ತಿದ್ದ. ನನಗೆ ಹೊಟ್ಟೆ ಉರಿಯಿತು, ಯಾಕೆ ಸುಳ್ಳು ಹೇಳಲಿ. ನಿನ್ನ ನಾದಿನಿ ಸುಮ್ಮನಿರಬೇಕಲ್ಲ, "ಏನ್ರೀ, ಆ ಮೇಷ್ಟ್ರ ಮೇಲೆ ನಿಮ್ಗೆ ಸವತಿ ಮತ್ಸರಾನಾ?" ಎಂದು ನಕ್ಕಳು. ಅವತ್ತು ಸಾರಿಗೆ ಉಪ್ಪಿಲ್ಲವೆಂದು ಜಗಳ ತೆಗೆದೆ.

ಹೋದ ವಾರ ಕಡೇ ಆಟವಿತ್ತು. ಗೆದ್ದ ತಂಡ ಮೈಸೂರಿನ ದೊಡ್ಡ ಪಂದ್ಯಕ್ಕೆ ಹೋಗುವುದೆಂದು ಮಾತು. ವ್ಯಾಪಾರದಲ್ಲಿರುವ ತಂದೆತಾಯಿಯರೂ ಬಂದು ಆಡಲಿ ಎಂದು ಮೇಷ್ಟ್ರು ಕರೆ ಕಳಿಸಿದ್ದ. ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಹೋದೆ. ಆತ ಹೆಚ್ಚೆಂದರೆ ಮೂವತ್ತರವನು. ಕದಿರೇಶನ ಹೆಗಲ ಮೇಲೆ ಕೈ ಹಾಕಿ ಏನೋ ಹೇಳಿದರೆ ನಮ್ಮವನ ಮುಖ ಅರಳುತ್ತದೆ. ನಾನು ಕೈ ಹಾಕಿದರೆ ಹೆಗಲು ಕೊಡವುತ್ತಾನೆ. ನನ್ನನ್ನು ಬೇರೆ ತಂಡಕ್ಕೆ, ಗಂಗಾಲಕ್ಷ್ಮಿ ಎಂಬ ಹುಡುಗಿಯ ತಂಡಕ್ಕೆ ಹಾಕಿದರು. ಪಾಪ, ಆ ಮಕ್ಕಳು "ಅಂಕಲ್ ಹೇಳ್ದಂಗೇ ಮಾಡೋಣ" ಎಂದು ಲೆಕ್ಕವೆಲ್ಲ ನನ್ನ ಕೈಗೆ ಬಿಟ್ಟವು. ನಾವೇ ಮುಂದಿದ್ದೆವು. ಕೊನೆಗೆ ಕದಿರೇಶನ ಕಂಪನಿಯಲ್ಲಿ ರಾಶಿ ಸರಕು ಉಳಿಯಿತು. ಅವನ ಮುಖ ಬಾಡಿತು, ಮೇಷ್ಟ್ರ ಕಡೆ ನೋಡಿದ. ನನ್ನ ಕಡೆ ನೋಡಲಿಲ್ಲ.

ಅಪ್ಪನ ಕಾಲದಿಂದ ನಮ್ಮ ಮಂಡಿಯ ಪದ್ಧತಿ ನಿನಗೆ ಗೊತ್ತಲ್ಲ. ಮನೆಯವರ ಸರಕು ಸಂಜೆಗೆ ಬಿಕರಿಯಾಗದೆ ಉಳಿಯಬಾರದು, ನಾವೇ ನಮ್ಮ ಹೆಸರಿಗೆ ಕೊಂಡುಬಿಡಬೇಕು. ಆ ಆಟದಲ್ಲಿ ಒಂದು ಕಂಪನಿ ಇನ್ನೊಂದರ ಸರಕು ಕೊಳ್ಳಬಹುದಿತ್ತು. ನಾನು ಅವನ ಸರಕನ್ನೆಲ್ಲ ಅವನು ಕೇಳಿದ ಬೆಲೆಗೇ ಕೊಂಡುಬಿಟ್ಟೆ. ಅಭ್ಯಾಸಬಲ ಎನ್ನಬಹುದು. ಆದರೆ ಆ ಕಣ್ಣು ಒಂದೇ ಒಂದು ಸಲ ನನ್ನ ಕಡೆ ತಿರುಗಲಿ ಎಂಬ ಆಸೆಯೂ ಇತ್ತು.

ಅವನು ಗೆದ್ದ. ಕೊಂಡ ಸರಕು ಕೊಳೆತು ಗಂಗಾಲಕ್ಷ್ಮಿಯ ಕಂಪನಿ ಮುಳುಗಿತು. ಕದಿರೇಶ ಕೈ ಮೇಲೆತ್ತಿ ಕುಣಿದ. ಅಷ್ಟರಲ್ಲಿ ಯಾರು ಯಾರ ಸರಕು ಕೊಂಡರು ಎಂಬುದೆಲ್ಲ ಗೋಡೆಯ ಮೇಲಿನ ಪರದೆಯಲ್ಲಿ ಬಂತು. ಹಿಂದಿನಿಂದ ಯಾರೋ "ಲೇ, ಅವ್ರಪ್ಪ ಕಾಸ್ ಕೊಟ್ಟು ಗೆಲ್ಸಿದ್ರು ಕಣ್ರೋ" ಎಂದ. ಇಡೀ ಕ್ಲಾಸು ನಕ್ಕಿತು. ಆಗ ತಿರುಗಿತು ನೋಡು ಆ ಕಣ್ಣು ನನ್ನ ಕಡೆ. ಅಂಥ ನೋಟ ಯಾವ ತಂದೆಗೂ ಬೇಡ. ಮೈಸೂರಿಗೆ ಗಂಗಾಲಕ್ಷ್ಮಿಯ ತಂಡವೇ ಹೋಗಲಿ ಎಂದು ಮೇಷ್ಟ್ರಿಗೆ ಹೇಳಿ ಕದಿರೇಶ ಎದ್ದು ಬಂದ. ಮನೆಯಲ್ಲಿ ಒಂದೇ ಮಾತು: "ನಾನೇ ಗೆದ್ದೆ ಅಂದ್ಕೊಂಡಿದ್ದೆ ಕಣಪ್ಪಾ."

ಮಾರನೆಯ ದಿನದಿಂದ ಕಾಲೇಜು ಬಿಟ್ಟು ಮಂಡಿಗೆ ಬರುತ್ತಿದ್ದಾನೆ. ತಕ್ಕಡಿಯ ಪಕ್ಕ ಕೂರುತ್ತಾನೆ. ಹೇಳಿದ್ದು ಮಾಡುತ್ತಾನೆ, ತಾನಾಗಿ ಏನೂ ಕೇಳುವುದಿಲ್ಲ. ಪಕ್ಕದ ಮಂಡಿಯವರು ಮಗ ದಾರಿಗೆ ಬಂದ ಎಂದು ನನ್ನ ಬೆನ್ನು ತಟ್ಟುತ್ತಾರೆ. ನಾನು ಹೂಂ ಎನ್ನುತ್ತೇನೆ.

ಮಗಳು ರಜನಿಗೂ ಅವಳ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು. ಹಣ್ಣನ್ನು ಫ್ರಿಜ್ಜಿಗೆ ಹಾಕಬೇಡಿ, ರುಚಿ ಕೆಡುತ್ತದೆ.

ನಿನ್ನ ತಮ್ಮ,
ಮುನಿರಾಮಪ್ಪ

ವಿ.ಸೂ.: ಲಾರಿಯವನು ಹಾರನ್ ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ಮೇಷ್ಟ್ರು ಮಂಡಿಗೆ ಬಂದಿದ್ದರು. ಗಂಗಾಲಕ್ಷ್ಮಿಯ ತಂಡದಲ್ಲಿ ಒಂದು ಜಾಗವಿದೆ, ಅವಳೇ ಕರೆಯುತ್ತಿದ್ದಾಳೆ, ಬುಧವಾರದೊಳಗೆ ಹೆಸರು ಕೊಡಬೇಕು ಎಂದರು. ಅವರನ್ನು ಕಂಡೊಡನೆ ಕದಿರೇಶ ಎದ್ದು ನಿಂತ ರೀತಿ ನೋಡಿ ಈಗಲೂ ನನ್ನ ಹೊಟ್ಟೆ ಉರಿಯುತ್ತಿದೆ. ಆದರೆ "ನಾನು ಮಂಡಿ ನೋಡ್ಕೋತೀನಿ ಸಾರ್" ಎಂದುಬಿಟ್ಟ. ಅವರ ಗಾಡಿ ತಿರುವು ದಾಟುವವರೆಗೂ ನೋಡುತ್ತಾ ನಿಂತಿದ್ದ. ಅಕ್ಕಾ, ನಿನ್ನ ಮಾತು ಅವನು ತೆಗೆದುಹಾಕುವುದಿಲ್ಲ. ಕಾಗದ ಸಿಕ್ಕ ದಿನವೇ ಫೋನ್ ಮಾಡಿ ಮೈಸೂರಿಗೆ ಹೋಗು ಎಂದು ಹೇಳು. ನಾನು ಹೇಳಿಸಿದ್ದು ಎಂದು ಮಾತ್ರ ಬಾಯಿ ಬಿಡಬೇಡ. ಗೊತ್ತಾದರೆ ಅವನು ಹೋಗುವುದಿಲ್ಲ.