ನನ್ನ ಚೀಲದ ನೀರು

ಮೇ 13, 2016, ಶುಕ್ರವಾರ

ಆಫೀಸಿನಿಂದ ಬಂದವಳೇ ಬ್ಯಾಗ್ ಕಟ್ಟಿದೆ. ನೀರಿನ ಚೀಲ ತೊಳೆದು ತುಂಬಿಸಿ ಫ್ರಿಜ್ಜಿನಲ್ಲಿಟ್ಟಾಯಿತು. ಬೆನ್ನಿಗೆ ಹಾಕಿಕೊಂಡರೆ ನಡೆಯುತ್ತಲೇ ಅದರ ನಳಿಕೆಗೆ ಬಾಯಿಟ್ಟು ಹೀರಬಹುದು. ರಜನಿಗೆ ಈ ಚೀಲವೆಂದರೆ ಆಗದು. ಅವಳದು ಸ್ಟೀಲ್ ಬಾಟಲಿ, ಎತ್ತಿಯೇ ಕುಡಿಯಬೇಕು.

ನಾಳೆ ನಡಿಗೆಯ ಪ್ರಾಕ್ಟೀಸ್. ಮುಂದಿನ ಏಪ್ರಿಲ್‌ಗೆ ನಾವಿಬ್ಬರೂ ಕ್ಯಾಲಿಫೋರ್ನಿಯಾ ಮರುಭೂಮಿಯಲ್ಲಿ ಮೂರು ವಾರ ನಡೆಯಬೇಕು, ಒಂದೇ ಟೆಂಟ್. ಅಮೆರಿಕದ ಈ ಊರಿನಲ್ಲಿ ನನಗೆ ಗೆಳತಿ ಅಂತ ಇರುವುದು ಅವಳೊಬ್ಬಳೇ. ಗೆಳೆತನಕ್ಕೆ ಆರು ವರ್ಷವಾಯಿತು. ರಜೆ ಸಿಗದಿದ್ದರೆ ಕೆಲಸವನ್ನೇ ಬಿಟ್ಟೇನು!

ನಾಳೆ ಮೈತ್ರಿ ಅಂತ ಹೊಸಬಳೊಬ್ಬಳು ಬರುತ್ತಾಳಂತೆ. ಹೋದ ವಾರ ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ರಜನಿಗೆ ಪರಿಚಯವಾದವಳು. ಆ ಪೂಜೆಗೆ ನನ್ನನ್ನು ಕರೆದಿರಲಿಲ್ಲ.

ಮೇ 15, ಭಾನುವಾರ

ನಿನ್ನೆ ಬರೆಯಲಿಲ್ಲ. ಕೈ ಏಳಲಿಲ್ಲ.

ನಮ್ಮ ಲಿನ್‌ವುಡ್ ಬಿಟ್ಟಾಗ ಜಿಟಿಜಿಟಿ ಮಳೆ. ಬೆಟ್ಟಸಾಲಿನ ಪಾಸ್ ದಾಟಿ ಇಳಿಯುತ್ತ ಮಳೆಯೂ ಮುಗಿಯಿತು, ಹಸಿರೂ ಮುಗಿಯಿತು. ಕೊಲಂಬಿಯಾ ನದಿಯ ಮೇಲಿನ ಬೋಳುಗುಡ್ಡಗಳು. ಕರಿಬಂಡೆ, ಮೊಣಕಾಲೆತ್ತರದ ಬೂದುಬಣ್ಣದ ಗಿಡ, ನೆರಳಿನ ಮಾತೇ ಇಲ್ಲ. ಕೆಳಗೆ ನದಿ ಕಾಣುತ್ತದೆ, ಇಳಿಯಲು ದಾರಿಯಿಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಏರುವುದು, ಇಳಿಯುವುದು, ಮತ್ತೆ ಏರುವುದು.

ರಜನಿಯ ಒಂದು ಬಾಟಲಿ ಊಟದ ಹೊತ್ತಿಗೇ ಖಾಲಿ. ಎರಡನೆಯದು ಬಂಡೆಯ ಮೇಲಿನಿಂದ ಉರುಳಿ ಕಣಿವೆಗೆ ಬಿತ್ತು. ಸ್ವಲ್ಪ ದೂರ ನಡೆದಳು. ಆಮೇಲೆ ತೂರಾಡತೊಡಗಿದಳು. ಮುಖ ಕೆಂಪಗೆ, ಬೆವರೇ ಇಲ್ಲ. ಕುಸಿದು ಕೂತಳು.

ನನ್ನ ಚೀಲದ ನಳಿಕೆ ಅವಳ ಬಾಯಿಗೆ ಹಿಡಿದೆ. "ತಗೋ, ಹೀರು."

"ಬೇಡ ಕಣೆ. ಎಂಜಲು... ನಂಗೆ ಅಭ್ಯಾಸ ಇಲ್ಲ."

"ಸರಿ, ಬಾಟ್ಲಿ ಕೊಡು. ಚೀಲದಿಂದ ಅದಕ್ಕೇ ಹುಯ್ತೀನಿ. ಎಂಜಲಾಗಲ್ಲ."

ಖಾಲಿ ಬಾಟಲಿಯನ್ನು ಎದೆಗವಚಿಕೊಂಡಳು. "ಬೇಡ ಅಂದ್ನಲ್ಲ ಅನು. ಇನ್ನೇನ್ ಕಾರ್ ಬಂತು."

ಎಲ್ಲಿಯ ಕಾರು! ಇನ್ನೂ ಎರಡು ಗುಡ್ಡ ದಾಟಬೇಕಿತ್ತು.

ಮುಂದೆ ಹೋಗಿದ್ದ ಮೈತ್ರಿ ಓಡಿಬಂದಳು. ಅವಳ ಬೆನ್ನಿನ ಮೇಲೂ ಅಂಥದೇ ಚೀಲ, ದಾರಿಯುದ್ದಕ್ಕೂ ಅವಳು ಹೀರುತ್ತ ಬಂದಿದ್ದ ನಳಿಕೆ. ಅದನ್ನೇ ಚಾಚಿದಳು. ರಜನಿ ಎರಡೂ ಕೈಯಲ್ಲಿ ಹಿಡಿದು, ಬಾಯಿಟ್ಟು, ಕಣ್ಣು ಮುಚ್ಚಿ ಕುಡಿದಳು. ಕುಡಿದೇ ಕುಡಿದಳು. ನನ್ನ ನಳಿಕೆ ಇನ್ನೂ ನನ್ನ ಕೈಯಲ್ಲಿತ್ತು.

ಕಾರಿನಲ್ಲಿ ನಾನೇ ಡ್ರೈವ್ ಮಾಡಿದೆ. ಅವರಿಬ್ಬರೂ ಹಿಂದೆ ಮಲಗಿದ್ದರು.

ಮೇ 16

ನಿದ್ದೆಯಿಲ್ಲ. ಈ ಆರು ವರ್ಷದಲ್ಲಿ ನನ್ನ ಮನೆಯಲ್ಲಿ ರಜನಿ ಏನು ತಿಂದಿದ್ದಾಳೆ? ಬಾಳೆಹಣ್ಣು. ಕಿತ್ತಲೆ. ಇವತ್ತು ಒಪ್ಪೊತ್ತು ಕಣೆ. ಇವತ್ತು ಡಯಟ್, ಅನ್ನುತ್ತಿದ್ದಳು. ನೀರು ಬೇಕಾ ಅಂದರೆ ಬ್ಯಾಗಿನಿಂದ ಅದೇ ಸ್ಟೀಲ್ ಬಾಟಲಿ. ಪರಿಸರಪ್ರೇಮ ಅಂತ ನಾನು ಹೊಗಳುತ್ತಿದ್ದೆ. ಪೆದ್ದಿ ನಾನು, ಶುದ್ಧ ಪೆದ್ದಿ.

ಅವ್ವ ಚಿಕ್ಕಂದಿನಲ್ಲಿ ಊರ ಹೋಟೆಲಿನ ಹಿಂಬಾಗಿಲಲ್ಲಿ ಬೊಗಸೆಯೊಡ್ಡಿ ನೀರು ಕುಡಿದವಳು. ನಮ್ಮ ಜಾತಿಯವರು ಒಳಗಿನ ಲೋಟ ಮುಟ್ಟುವಂತಿರಲಿಲ್ಲ. ಇದನ್ನು ರಜನಿಗೆ ನಾನೇ ಹೇಳಿದ್ದೆ. ಕೇಳಿ ಕಣ್ಣೊರೆಸಿಕೊಂಡಿದ್ದಳು.

ಮೇ 21, ಶನಿವಾರ

ರಜನಿ ಮನೆಗೆ ಬಂದಿದ್ದಳು. ಅವಳು ಕೂರುವ ಮೊದಲೇ ಲೋಟದಲ್ಲಿ ನೀರು ತಂದು ಮುಂದಿಟ್ಟೆ.

"ಏಪ್ರಿಲ್ ಟಿಕೆಟ್ ಬುಕ್ ಮಾಡ್ಲಾ? ಮೈತ್ರಿನೂ ಬರ್ತಾಳಂತೆ."

"ಮೊದ್ಲು ನೀರು ಕುಡಿ."

ನಕ್ಕಳು. "ಬಾಯಾರಿಕೆ ಇಲ್ಲ ಕಣೆ."

"ಇಲ್ದಿದ್ರೂ ಕುಡಿ."

ನಗು ನಿಂತಿತು. ಲೋಟದ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು. "ಮನೇಲಿ ಹಾಗ್ ಬೆಳೆಸ್ಬಿಟ್ಟಿದಾರೆ ಅನು. ಅಜ್ಜಿ ಕೈಲಿ ಬೆಳೆದವಳು ನಾನು. ಗಂಟ್ಲಲ್ಲಿ ಇಳಿಯಲ್ಲ. ನಿನ್ ಮೇಲೆ ಪ್ರೀತಿ ಇಲ್ಲ ಅಂತಲ್ಲ..."

"ಸಾಯೋಕೆ ರೆಡಿ ಇದ್ಯಲ್ಲೇ, ನನ್ನ ನೀರು ಕುಡಿಯೋದಕ್ಕಿಂತ!"

ಅತ್ತಳು. ನಾನು ಅಳಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡಳು. "ಕಾಲ್ ಮಾಡ್ತೀನಿ" ಅಂದಳು. ತುಂಬಿದ ಲೋಟ ಹಾಗೇ ಇತ್ತು.

ಜೂನ್ 4

ಕಾಲ್ ಬಂದಿಲ್ಲ. ರಜೆ ಮಂಜೂರಾಗಿದೆ ಅಂತ ಮೇಲ್ ಬಂತು. ಏನು ಮಾಡಲಿ ಅದನ್ನು, ಉಪ್ಪಿನಕಾಯಿ ಹಾಕಲಾ?

ಊರಿನಿಂದ ಅವ್ವನ ಫೋನ್. "ಚೆನ್ನಾಗವ್ಳಾ ನಿನ್ ಗೆಳತಿ? ಇಬ್ರೂ ಆ ಮರಳುಗಾಡ್ಗೆ ಹೋಯ್ತೀವಿ ಅಂತಿದ್ರಲ್ಲ?"

ಹೂಂ, ಚೆನ್ನಾಗಿದ್ದಾಳೆ ಎಂದೆ.

"ಒಳ್ಳೇದಾಯ್ತು ಬುಡು. ಆ ದೇಸ್ದಲ್ಲಿ ನಮ್ಮೂರ್ ತರ ಅವೆಲ್ಲ ಇಲ್ವಲ್ಲ ಮಗ?"

"ಇಲ್ಲ ಕಣವ್ವ," ಎಂದೆ. "ಇಲ್ಲಿ ಎಲ್ಲಾರೂ ಒಂದೇ..."