ಎರಡೂ ಎಡತೋಳು

ಜೂನ್ 4, ಬೆಳಿಗ್ಗೆ

ಇವತ್ತಿನ ವ್ಯಾಯಾಮ ಇದು. ಎಡಗೈಯಲ್ಲಿ ಅರ್ಧ ಪುಟ. "ಏನಾದ್ರೂ ಬರೀರಿ ಮೇಡಂ, ಯಾರೂ ಓದಲ್ಲ" ಎಂದಿದ್ದಾಳೆ ಫಿಸಿಯೋ ಹುಡುಗಿ. ಓದಬೇಕೆಂದರೂ ಓದಲಾರರು. ಕಾಗೆಕಾಲು ಗುಬ್ಬಿಕಾಲು.

ತಂಗಿ ತಲೆ ಬಾಚಿದಳು. ಎಳೆದೆಳೆದು. ಕಣ್ಣಲ್ಲಿ ನೀರು ಬಂತು — ಬಾಚಣಿಗೆಯಿಂದಲೋ, ಬೇರೆ ಯಾವುದರಿಂದಲೋ. ಈ ವಯಸ್ಸಿನಲ್ಲಿ ಜಡೆ ಹಾಕಿಸಿಕೊಳ್ಳುವ ಭಾಗ್ಯ.

ಮುಂದಿನ ಕೋಣೆಯೇ ನಮ್ಮ ಟೈಲರಿಂಗ್ ಅಂಗಡಿ. ಕಟಿಂಗ್ ಟೇಬಲ್ಲಿನ ಮೇಲೆ ಈಗ ಇಸ್ತ್ರಿಗೆ ಕಾದ ಬಟ್ಟೆಗಳ ರಾಶಿ. ನನಗೆ ಸ್ಟ್ರೋಕ್ ಹೊಡೆದು ಬಲಗೈ ಸ್ವಾಧೀನ ತಪ್ಪಿದಾಗಿನಿಂದ ಹೊಸ ಆರ್ಡರ್ ತೆಗೆದುಕೊಂಡಿಲ್ಲ. ತಂಗಿಗೆ ಹೊಲಿಯಲು ಬರುತ್ತದೆ, ಕತ್ತರಿಸಲು ಬರುವುದಿಲ್ಲ. ಜಿಪ್ಪು ಬದಲಿಸುತ್ತಾಳೆ, ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತಾಳೆ. ನಾನು ಸ್ಟೂಲಿನ ಮೇಲೆ ಕೂತು ನೋಡುತ್ತೇನೆ. ಬೀದಿಗೆಲ್ಲ ಕಟಿಂಗ್ ಮೇಡಂ ಆಗಿದ್ದವಳು.

ಜೂನ್ 5

ತಂಗಿ ಇಲ್ಲದಾಗ ಕತ್ತರಿ ಎತ್ತಿದೆ. ಎಡಗೈಯಲ್ಲಿ. ಬಲಗೈಯವರಿಗೆಂದು ಮಾಡಿದ ಕತ್ತರಿ, ಎಡಗೈಗೆ ಬಗ್ಗುವುದಿಲ್ಲ. ಕತ್ತರಿಸುವ ಬದಲು ಬಟ್ಟೆಯನ್ನು ನಡುವೆ ಸಿಕ್ಕಿಸಿಕೊಂಡು ಮಡಚಿತು. ಹಾಳಾಗಿ ಹೋಗಲಿ ಎಂದು ಎಸೆದೆ.

ಒಳಕೋಣೆಯಿಂದ ಅಮ್ಮ, "ಏನೇ ಅದು ಬಿದ್ದಿದ್ದು?"

"ನಾನೇ."

"ಹಾಗಾದ್ರೆ ಎದ್ದೇಳು."

ಅಮ್ಮ ಹಾಸಿಗೆ ಹಿಡಿದು ವರ್ಷಗಳಾದವು. ನಾಲಿಗೆ ಮಾತ್ರ ಇನ್ನೂ ಹೊಸ ಬ್ಲೇಡು.

ಜೂನ್ 11

ಅಮ್ಮ ತಂಗಿಯಿಂದ ಟ್ರಂಕು ತೆಗೆಸಿದಳು. ತಳದಲ್ಲಿ ಒಂದು ಬಟ್ಟೆ. ಕಡು ನೀಲಿ, ಮೇಲೆ ಸಣ್ಣ ಸಣ್ಣ ಬಿಳಿ ಹೂವಿನ ಪ್ರಿಂಟ್. ಒಳಮೈ ಮಂಕು. ನಾನು ಕಟಿಂಗ್ ಶುರು ಮಾಡಿದ ಹೊಸದರಲ್ಲಿ ಕೊಡಿಸಿದ್ದಂತೆ. ನನಗೆ ಮರೆತೇ ಹೋಗಿತ್ತು.

"ಇದ್ರಲ್ಲಿ ಒಂದು ಗೌನು ಮಾಡ್ಕೊಡು. ಉದ್ದ ತೋಳು. ಹೋಗೋವಾಗ ಹಾಕ್ಕೊಳ್ಳೋಕೆ."

"ಎಲ್ಲಿಗೆ ಹೋಗೋವಾಗ?"

"ಮಾರ್ಕೆಟ್ಟಿಗೆ."

ತಂಗಿ ಮುಖ ಆಚೆ ತಿರುಗಿಸಿಕೊಂಡಳು. ನಾನು ಬಲಗೈಯನ್ನು ಎಡಗೈಯಿಂದ ಎತ್ತಿ ಅಮ್ಮನ ಮುಂದೆ ಇಟ್ಟೆ. "ಇದನ್ನ ನೋಡಿದ್ದೀಯಾ?"

"ನೋಡಿದ್ದೀನಿ. ಆದ್ರೂ ನೀನೇ ಮಾಡ್ಬೇಕು. ಬೇರೆಯವರ ಕಟಿಂಗ್ ನಂಗೆ ಕೂರಲ್ಲ. ಗಿರಾಕಿಗಳದ್ದು ಮುಗೀಲಿ ಅಮ್ಮಾ ಅಂತಿದ್ದೆ ನೀನು. ಮುಗೀತಲ್ಲ ಈಗ."

ದೇವರೇ, ಇದೊಂದು ಗೌನಿನ ಮಟ್ಟಿಗಾದರೂ ಬಲಗೈ ವಾಪಸ್ ಕೊಡು. ಆಮೇಲೆ ಬೇಕಾದರೆ ನೀನೇ ಇಟ್ಟುಕೋ.

ಜೂನ್ 13

ಕೊಡಲಿಲ್ಲ.

ತಂಗಿಯಿಂದ ಕಟಿಂಗ್ ಮಾಡಿಸಿದೆ. ನಾನು ಬಾಯಿ, ಅವಳು ಕೈ. ಮುಂಭಾಗ, ಹಿಂಭಾಗ ಚೆನ್ನಾಗಿಯೇ ಬಂತು. ಉಬ್ಬಿಹೋಗಿದ್ದೆ. ತೋಳಿಗೆ ಬರುವಷ್ಟರಲ್ಲಿ ಬಟ್ಟೆ ಕಡಿಮೆ. ಮಡಚಿ ಎರಡನ್ನೂ ಒಟ್ಟಿಗೆ ಕತ್ತರಿಸಲು ಸಾಲದು. ಒಂದೊಂದೇ ತೆಗೆ ಎಂದೆ. ಪೇಪರ್ ಪ್ಯಾಟರ್ನ್ ಇಟ್ಟಳು, ಕತ್ತರಿಸಿದಳು. ಪಕ್ಕದಲ್ಲಿ ಮತ್ತೆ ಹಾಗೇ ಇಟ್ಟಳು, ಕತ್ತರಿಸಿದಳು. "ಬೇಗ ಬೇಗ, ಎಷ್ಟು ಹೊತ್ತು!" ಎಂದು ಗದರಿದ್ದೂ ನಾನೇ.

ಜೋಡಿಸಿ ನೋಡಿದರೆ ಎರಡೂ ಎಡತೋಳು.

ಎರಡನೇ ಸಲ ಪ್ಯಾಟರ್ನನ್ನು ಬೋರಲು ಹಾಕಬೇಕು. ಕಟಿಂಗಿನಲ್ಲಿ ಮೊದಲ ದಿನದ ಪಾಠ. ಹೇಳಲಿಲ್ಲ ನಾನು. ಹೇಳಬೇಕೆಂದು ಹೊಳೆಯಲೇ ಇಲ್ಲ. ಇಷ್ಟು ವರ್ಷ ಕೈ ತಾನಾಗಿಯೇ ತಿರುಗಿಸಿ ಹಾಕುತ್ತಿತ್ತು. ಕೈಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ.

"ನೀನು ಹೇಳಿದ ಹಾಗೇ ಮಾಡ್ದೆ ಅಕ್ಕಾ" ಎಂದು ತಂಗಿ ಅತ್ತಳು. ಉಳಿದ ಬಟ್ಟೆಯಲ್ಲಿ ಕರ್ಚೀಫೂ ಆಗುವುದಿಲ್ಲ. ಆ ಬಟ್ಟೆ ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ಜೂನ್ 21

ಬರೆಯಲಿಲ್ಲ. ಯಾವ ವ್ಯಾಯಾಮವೂ ಮಾಡಲಿಲ್ಲ. ಫಿಸಿಯೋ ಹುಡುಗಿ ಬಂದಾಗ ಮುಸುಕೆಳೆದು ಮಲಗಿದ್ದೆ.

ಅಮ್ಮ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ದೇವರನ್ನು ಜೋರಾಗಿ ಕೇಳುತ್ತಾಳೆ — "ಇವತ್ತೇನು ಕೊಡ್ತೀಯಪ್ಪಾ?" ಅಂಗಡಿ ಬಾಗಿಲಲ್ಲಿ ನಿಂತ ಗಿರಾಕಿಯ ಹಾಗೆ. ಚಿಕ್ಕಂದಿನಿಂದ ಕೇಳಿದ್ದೇನೆ. ಇವತ್ತು ಮೈ ಉರಿದುಹೋಯಿತು.

"ಏನ್ ಕೊಟ್ಟ? ಹೇಳು, ಏನ್ ಕೊಟ್ಟ?" ಎಂದು ಕೂಗಿದೆ.

"ಸದ್ಯಕ್ಕೆ ನಿನ್ನ ಕೂಗಾಟ ಕೊಟ್ಟಿದ್ದಾನೆ" ಎಂದಳು. "ಎಂಟು ದಿನದಿಂದ ಅದೂ ಇರಲಿಲ್ಲ."

ಜೂನ್ 24, ಸಂಜೆ

ಇವತ್ತು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ತಂಗಿ ನೂಲು ತರಲು ಹೋಗಿದ್ದಳು. ಧಪ್ಪೆಂದಿತು. ಅಮ್ಮ ಮಂಚದಿಂದ ಕೆಳಗೆ. ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದೆ. ಒಂದೇ ಕೈ. ಅಮ್ಮ ಹಗುರವೇ, ಹಿಡಿ ಮೂಳೆ, ಆದರೂ ಏಳಲಿಲ್ಲ. ಸೋತ ಬಲಗಾಲು ಜಾರಿ ನಾನೂ ಪಕ್ಕದಲ್ಲೇ ಕುಸಿದೆ, ಮತ್ತೆ ಏಳಲಾಗಲಿಲ್ಲ. ಫೋನು ಮುಂದಿನ ಕೋಣೆಯಲ್ಲಿ. ಕೂಗಿದೆ, ಕೂಗಿದೆ. ಬೀದಿಯಲ್ಲಿ ಯಾರೋ ಗೋಡೆಗೆ ಡ್ರಿಲ್ ಹೊಡೆಯುತ್ತಿದ್ದರು. ಹೆತ್ತ ತಾಯಿಯನ್ನು ನೆಲದಿಂದ ಎತ್ತಲಾಗದ ಜನ್ಮ. ಗೊಳೋ ಎಂದು ಅತ್ತೆ.

"ಪೆಟ್ಟಾಯ್ತಾ ಅಮ್ಮಾ?"

"ನಂಗಿಲ್ಲ. ನಿಂಗೆ?"

ಆಮೇಲೆ ಅವಳೇ, "ಎತ್ತೋಕಾಗಲ್ಲ ಅಂದ್ರೆ ಆಗಲ್ಲ, ಬಿಡು. ಕೂತ್ಕೊಳ್ಳೋಕಾಗುತ್ತಲ್ಲ, ಕೂತ್ಕೋ" ಎಂದಳು. ನನ್ನ ಎಡಗೈ ಹಿಡಿದುಕೊಂಡಳು.

"ನಿಮ್ಮನ್ನ ಎತ್ತಿ ಆಡಿಸೋ ಕಾಲದಲ್ಲಿ ಅದಕ್ಕೆ ಬೇಕಾದ ಕೃಪೆ ಕೊಟ್ಟ. ದುಡಿಯೋ ಕಾಲಕ್ಕೆ ಅದನ್ನ ಕೊಟ್ಟ. ಈಗ ಮಲಗಿರೋಕೆ ಕೊಟ್ಟಿದ್ದಾನೆ."

"ಮಲಗಿರೋದೂ ಒಂದು ಕೃಪೆನಾ?"

"ನಂಗೇನ್ ಗೊತ್ತೇ. ಹಾಗಂದ್ಕೊಂಡೇ ದಿನಾ ಕಣ್ಣು ಬಿಡೋದು." ತಲೆಯನ್ನು ನನ್ನ ಕಡೆ ಹೊರಳಿಸಿದಳು. "ನೀನು ಟೇಬಲ್ ಮುಂದೆ ನಿಂತ್ರೆ ಇಲ್ಲಿಂದ ನಂಗೆ ಕಾಣ್ತಿದ್ದದ್ದು ಬೆನ್ನು. ದೂರ್ತಾ ಇಲ್ಲ, ಚೆನ್ನಾಗೇ ಇತ್ತು ಬೆನ್ನು. ಮುಖ ಈಗ ನೋಡ್ತಿದ್ದೀನಿ."

"ಅದಕ್ಕೋಸ್ಕರ ನನ್ನ ಕೈ ಕಿತ್ಕೊಂಡನಾ ನಿನ್ನ ದೇವರು?"

"ಛೀ, ಅವನ್ಯಾಕೆ ಕಿತ್ಕೋತಾನೆ. ತಲೇಲಿ ರಕ್ತ ಹೆಪ್ಪುಗಟ್ಟಿತು, ಕೈ ಹೋಯ್ತು. ಉಳಿದದ್ರಲ್ಲಿ ಅವನು ಏನೋ ಒಂದು ಮಾಡ್ತಾನೆ. ತುಂಡು ಬಟ್ಟೆ ಇಟ್ಕೊಂಡು ನೀನು ಮಾಡ್ತಿರಲಿಲ್ವಾ, ಹಾಗೆ."

ನನಗೆ ನಂಬಿಕೆ ಬರಲಿಲ್ಲ. ಎದ್ದು ಹೋಗುವ ಹಾಗೂ ಇರಲಿಲ್ಲ. ತಂಗಿ ಬರುವವರೆಗೂ ನೆಲದ ಮೇಲೆ ಹಾಗೇ ಕೂತಿದ್ದೆವು.

ಜುಲೈ 3

ಗೌನು ಮುಗಿಯಿತು. ಉಪಾಯ ಅಮ್ಮನದು — "ಒಂದು ತೋಳನ್ನ ಒಳಮೈ ಹೊರಗೆ ಮಾಡಿ ಹೊಲೀರಿ. ಬಲತೋಳಾಗುತ್ತೆ."

ಆಗುತ್ತದೆ, ನಿಜ. ಆದರೆ ಹಾಗೆ ಹೊಲಿಯುವುದೇ? ಯಾವ ಗಿರಾಕಿಯಾದರೂ ಕೇಳಿದ್ದರೆ ಬಾಗಿಲು ತೋರಿಸುತ್ತಿದ್ದೆ. ಎಡತೋಳು ಹೊಳೆಯುವ ನೀಲಿ, ಬಲತೋಳು ಮಂಕು. ನನ್ನ ಕೊನೆಯ ಕಟಿಂಗ್ ಇದು. ನಾಚಿಕೆಯಿಂದ ಸತ್ತೆ.

ಇಸ್ತ್ರಿ ಮಾಡಿ ಟ್ರಂಕಿನಲ್ಲಿಡಲು ಹೋದರೆ ಅಮ್ಮ, "ತಾ ಇಲ್ಲಿ, ಈಗಲೇ ಹಾಕು" ಎಂದಳು.

"ಹೋಗೋವಾಗ ಅಂದಿದ್ದೆ?"

"ಹೋಗೋವಾಗ ಹಾಕ್ಕೊಂಡ್ರೆ ನಾನು ನೋಡೋದು ಯಾವಾಗ?"

ತಂಗಿ ಹಾಕಿಸಿದಳು. ಭುಜಕ್ಕೆ ಸರಿಯಾಗಿ ಕೂತಿತ್ತು. ಅಮ್ಮ ಮಂಕು ತೋಳನ್ನು ಸವರಿ, "ಯಾರಾದ್ರೂ ಕೇಳಿದ್ರೆ ಈ ಕಡೆ ಬಿಸಿಲು ಜಾಸ್ತಿ ಬೀಳ್ತಿತ್ತು ಅಂತೀನಿ" ಎಂದಳು. ಮೂವರೂ ನಕ್ಕೆವು. ಎಷ್ಟು ಕಾಲವಾಗಿತ್ತು.

ಬಿಚ್ಚಲು ಒಪ್ಪಲೇ ಇಲ್ಲ.

ಜುಲೈ 8

ಎರಡು ದಿನದಿಂದ ಅಮ್ಮ ಏನೂ ತಿಂದಿಲ್ಲ. ಡಾಕ್ಟರು ಬಂದು ನೋಡಿ ಹೋದರು. ಮಾಡುವಂಥದ್ದೇನೂ ಉಳಿದಿಲ್ಲವಂತೆ. "ಜೊತೆಲಿರಿ, ಅಷ್ಟೆ" ಎಂದರು. ಜೊತೆಯಲ್ಲಿರುವುದು... ಅದೊಂದು ಕೆಲಸವೇ? ಕೈಲಾಗದವರಿಗೆ ಕೊಡುವ ಕೆಲಸ.

ಬೆಳಿಗ್ಗೆ ಅಮ್ಮ ಕಣ್ಣು ಬಿಟ್ಟಳು. ಏನೂ ಕೇಳಲಿಲ್ಲ. ತುಟಿ ಅಲುಗಿತು, ದನಿ ಬರಲಿಲ್ಲ. ಮನೆ ಬಿಕೋ ಎಂದಿತು. ತಡೆಯಲಾಗದೆ ನಾನೇ ಕೇಳಿದೆ, ಅವಳಷ್ಟೇ ಜೋರಾಗಿ — "ಇವತ್ತೇನು ಕೊಡ್ತೀಯಪ್ಪಾ?"

ಅಮ್ಮನ ತುಟಿ ಒಣಗಿತ್ತು. ಚಮಚದಲ್ಲಿ ನೀರು ಹಾಕಿದೆ. ಒಂದು ಹನಿಯೂ ಚೆಲ್ಲಲಿಲ್ಲ. ಇಷ್ಟು ದಿನ ಎಡಗೈಯಲ್ಲಿ ಬರೆದದ್ದು ಇದಕ್ಕೇ ಏನೋ. ಗೊತ್ತಿಲ್ಲ. ಬಲಗೈ ಇದ್ದಿದ್ದರೆ ಆ ಹೊತ್ತಿಗೆ ನಾನು ಟೇಬಲ್ಲಿನ ಮುಂದೆ ಇರುತ್ತಿದ್ದೆ, ಅದು ಮಾತ್ರ ಗೊತ್ತು.

ಭಯವಾಗುತ್ತಿದೆ. ತುಂಬ.

ಜುಲೈ 9, ಬೆಳಿಗ್ಗೆ

ಅಮ್ಮನ ಉಸಿರು ಬಿಟ್ಟು ಬಿಟ್ಟು ಬರುತ್ತಿದೆ. ತಂಗಿ ಹೊರಗೆ ಫೋನಿನಲ್ಲಿದ್ದಾಳೆ, ಡಾಕ್ಟರು ಎತ್ತುತ್ತಿಲ್ಲ. ನನಗೆ ಏನು ಮಾಡಬೇಕೆಂದು ತೋಚದೆ ಮಂಚದ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ. ಇವತ್ತೂ ಕೇಳಿದೆ, ಜೋರಾಗಿಯೇ. ಅಮ್ಮ ನಕ್ಕ ಹಾಗಾಯಿತು.

ಹೊದಿಕೆಯ ಮೇಲೆ ಕೈ ಆಡಿಸುತ್ತಿದ್ದಾಳೆ. ಮಂಕು ತೋಳಿನ ಕೈ. ಏನೋ ಹುಡುಕುತ್ತಿದ್ದಾಳೆ. ನೀರಲ್ಲ, ದಿಂಬೂ ಅಲ್ಲ... ಅಯ್ಯೋ, ನನ್ನ ಕೈ. ನನಗಿರುವುದು ಒಂದೇ, ಅದರಲ್ಲಿ ಪೆನ್ನು ಹಿಡಿದು ಕೂತಿದ್ದೇನೆ. ಇದನ್ನು ಕೆಳಗಿಟ್ಟರೆ ತಾನೇ ಅಮ್ಮನ