ಸೋಸಿದ ನೀರು

9 ಫೆಬ್ರವರಿ 2004, ಸೋಮವಾರ. ಬೆಳಿಗ್ಗೆ 5.40

ನೀರಿನ ಲಾರಿ ಇನ್ನೂ ಬಂದಿಲ್ಲ. ಎಂಟು ಕೊಡ ಸಾಲಿನಲ್ಲಿಟ್ಟು ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ವೆಸ್ಟ್ ಮಾಂಬಲಂನ ಅರ್ಧ ಜನ ಬೀದಿಯಲ್ಲಿದ್ದಾರೆ, ಜಗಳಕ್ಕೂ ಯಾರಿಗೂ ತ್ರಾಣವಿಲ್ಲ. ಸೊಂಟ ನೋವು. ಐವತ್ತಮೂರಕ್ಕೇ ಹೀಗೆ.

ಇವತ್ತು ಗಿಂಡಿಯ ಫ್ಯಾಕ್ಟರಿಯಲ್ಲಿ ಮತ್ತೆ ಟ್ರಯಲ್. ನನ್ನ ನಾಜಲ್ ಹೆಡ್‌ಗೆ ಎರಡು ವರ್ಷ ಆಗುತ್ತಾ ಬಂತು. ವಿಷಯ ಸಣ್ಣದು. ಬಸ್ಸು ತೊಳೆಯುವ ಪ್ರೆಷರ್ ವಾಷರ್ ಗನ್ನಿನ ಮೂತಿಗೆ ಬೇರೆ ಬೇರೆ ಧಾರೆಯ ನಾಲ್ಕು ನಾಜಲ್ ಇರುವ ಒಂದು ಬಿಲ್ಲೆ. ಟ್ರಿಗರ್ ಬಿಟ್ಟರೆ ಒತ್ತಡ ಬೀಳುತ್ತದೆ, ಸ್ಪ್ರಿಂಗು ಪಿಸ್ಟನ್ನನ್ನು ಹಿಂದಕ್ಕೆ ತರುತ್ತದೆ. ಮತ್ತೆ ಒತ್ತಿದರೆ ನೀರೇ ಪಿಸ್ಟನ್ನನ್ನು ಮುಂದಕ್ಕೆ ನೂಕಿ ಬಿಲ್ಲೆಯನ್ನು ಒಂದು ಹೆಜ್ಜೆ ತಿರುಗಿಸುತ್ತದೆ. ಬಾಲ್‌ಪೆನ್ನಿನ ತಲೆ ಒತ್ತಿದ ಹಾಗೆ. ನಾಜಲ್ ಬದಲಿಸಲು ಕೈ ಮುಂದೆ ಹೋಗಬೇಕಾಗಿಯೇ ಇಲ್ಲ.

ಅಷ್ಟೇ ನನಗೆ ಬೇಕಾದ್ದು. ಇನ್ನೊಬ್ಬರ ಕೈ ಮುಂದೆ ಹೋಗಬಾರದು.

ಲಾರಿ ಬಂತು—

11 ಫೆಬ್ರವರಿ

ಐನೂರು ಸಲ ಒತ್ತಿದೆ. ಐನೂರು ಸಲವೂ ತಿರುಗಿತು. ಖುಷಿಯಾಗಬೇಕಿತ್ತು, ಸುಸ್ತಾಯಿತು.

ಮಧ್ಯಾಹ್ನ ಪ್ಯಾಕಿಂಗ್ ಕಡೆ ಹೋಗಿದ್ದೆ. ಏಕಾಂತಪ್ಪ ಡಬ್ಬಗಳಿಗೆ ಲೇಬಲ್ ಅಂಟಿಸುತ್ತಿದ್ದ. ಎಡಗೈಯಲ್ಲಿ ಮೂರೇ ಬೆರಳು, ಲೇಬಲ್ ಸೊಟ್ಟಗಾಗುತ್ತದೆ, ಕಿತ್ತು ಮತ್ತೆ ಅಂಟಿಸುತ್ತಾನೆ. ಹಾವೇರಿ ಕಡೆಯವನು. ಹತ್ತು ವರ್ಷ ನಮ್ಮ ಸರ್ವೀಸ್ ಮನುಷ್ಯನಾಗಿದ್ದ; ಮೆಷಿನ್ನಿನ ಸದ್ದು ಕೇಳಿಯೇ ಏನು ಕೆಟ್ಟಿದೆ ಎಂದು ಹೇಳುತ್ತಿದ್ದ. 2002ರ ಜೂನ್‌ನಲ್ಲಿ ಬಸ್ ಷೆಡ್ಡಿನಲ್ಲಿ ನಾಜಲ್ ಸಿಕ್ಕಿಸಿ, ಎಳೆದು ನೋಡಿ, ಟ್ರಿಗರ್ ಒತ್ತಿದ. ನಾಜಲ್ ಹಾರಿತು. ನೀರು ಚರ್ಮದೊಳಗೆ ನುಗ್ಗಿ ಎರಡು ಬೆರಳು ತೆಗೆಯಬೇಕಾಯಿತು.

ನಾಜಲನ್ನು ಗನ್ನಿಗೆ ಹಿಡಿದಿಡುವ ಆ ಕಪ್ಲಿಂಗ್ ನನ್ನ ಡಿಸೈನ್. ಇಲ್ಲಿ ಟೆಸ್ಟ್ ಮಾಡಿದಾಗ ಒಂದು ಸಲವೂ ಕೈಕೊಟ್ಟಿರಲಿಲ್ಲ. ಹಾಗಾಗಿ ರಿಪೋರ್ಟಿನಲ್ಲಿ ‘ಆಪರೇಟರ್ ನೆಗ್ಲಿಜೆನ್ಸ್’ ಎಂದು ಬರೆದೆ. ಕೆಳಗೆ ನನ್ನ ಸಹಿ. ಅಂದಿನಿಂದ ಅವನು ಮೆಷಿನ್ ಮುಟ್ಟುವ ಹಾಗಿಲ್ಲ.

16 ಫೆಬ್ರವರಿ

ಬಸ್ ಷೆಡ್ಡಿನಲ್ಲಿ ಟ್ರಯಲ್. ಬೆಳಿಗ್ಗೆಯೆಲ್ಲ ಸರಿಯಾಗಿತ್ತು. ಊಟ ಮುಗಿಸಿ ಬಂದು ಒತ್ತಿದರೆ ಬಿಲ್ಲೆ ಎರಡು ಸಲ ತಿರುಗಿ ನಿಂತುಬಿಟ್ಟಿತು. ಸುತ್ತಿಗೆಯಲ್ಲಿ ತಟ್ಟಿದರೂ ಇಲ್ಲ. ಬದರಿನಾಥ್ ಓನರ್ ಆದರೂ ಬೈಯಲಿಲ್ಲ, ವಾಚ್ ನೋಡಿಕೊಂಡರು. ಮೂರು ವಾರ ಕೊಟ್ಟಿದ್ದಾರೆ. ಆಗದಿದ್ದರೆ ಪ್ರಾಜೆಕ್ಟ್ ಬಂದ್, ಹಳೆಯ ಕಪ್ಲಿಂಗೇ ಮುಂದುವರಿಯುತ್ತದೆ.

ರೈಲಿನಲ್ಲಿ ನಿಂತೇ ನಿದ್ದೆ ಹತ್ತಿತು. ಮಾಂಬಲಂ ದಾಟಿ ಕೋಡಂಬಾಕ್ಕಂನಲ್ಲಿ ಇಳಿದೆ.

17 ಫೆಬ್ರವರಿ. ಬೆಳಿಗ್ಗೆ

ಕಾಫಿ ಕೊಡುತ್ತಾ ಜಯಲಕ್ಷ್ಮೀ ಕೇಳಿದಳು, ಫ್ಯಾಕ್ಟರಿಯಲ್ಲಿ ಯಾವ ನೀರಲ್ಲಿ ಟೆಸ್ಟ್ ಮಾಡ್ತೀರಿ ಅಂತ. ಲಾರಿ ನೀರು ಎಂದೆ. ಅದನ್ನೂ ಬಟ್ಟೆಯಲ್ಲಿ ಸೋಸಿ ಟ್ಯಾಂಕಿಗೆ ಹಾಕುತ್ತೇನೆ ಎಂದೆ. ಅಮ್ಮ ಕಲಿಸಿದ ಮಡಿ. ಸೋಸದ ನೀರು ಕೈಯಲ್ಲಿ ಮುಟ್ಟಿದರೆ ಇಂದಿಗೂ ನನಗೆ ಸಮಾಧಾನವಿಲ್ಲ. ಅವಳು ನಕ್ಕಳು. ಅವಳ ಕನ್ನಡದಲ್ಲಿ ಅರ್ಧ ತಮಿಳು.

“ಬಸ್ ತೊಳಿಯಕ್ಕೆ ಯಾರು ರೀ ಒಳ್ಳೆ ನೀರು ಕೊಡ್ತಾರೆ? ಎಲ್ಲಾ ಬೋರ್ ನೀರು, ಉಪ್ಪು ತಣ್ಣಿ. ನಮ್ಮ ಷವರ್ ನೋಡಿ, ಎಲ್ಲಾ ತೂತೂ ಅಡೈಚ್ಕೊಂಡಿದೆ.”

ಹೋಗಿ ನೋಡಿದೆ. ಹಲ್ಲಿಗೆ ಪಾಚಿ ಕಟ್ಟಿದ ಹಾಗೆ ಬಿಳಿ ಉಪ್ಪು. ಹನ್ನೊಂದು ವರ್ಷದಿಂದ ಇದೇ ಷವರ್ ಕೆಳಗೆ ನಿಲ್ಲುತ್ತಿದ್ದೇನೆ, ಎಂಥ ಪೆದ್ದ.

18 ಫೆಬ್ರವರಿ

ಪಿಸ್ಟನ್ ಬಿಚ್ಚಿದೆ. ಸುತ್ತ ಉಪ್ಪು, ಊಟದ ಹೊತ್ತಿನಲ್ಲಿ ನೀರು ಆರಿ ಕಚ್ಚಿಕೊಂಡದ್ದು.

ಆಮೇಲೆ, ಯಾಕೋ, ಡ್ರಾಯರಿನ ತಳದಲ್ಲಿದ್ದ ಹಳೆಯ ಕಪ್ಲಿಂಗ್ ತೆಗೆದೆ. ಏಕಾಂತಪ್ಪನದು. ಅಂದು ಹೊರಗಿನಿಂದ ನೋಡಿದ್ದೆ, ಬಿಚ್ಚಿರಲಿಲ್ಲ. ಇವತ್ತು ಬಿಚ್ಚಿದೆ. ನಾಜಲನ್ನು ಕಚ್ಚಿ ಹಿಡಿಯಬೇಕಾದ ನಾಲ್ಕು ಸಣ್ಣ ಉಕ್ಕಿನ ಗುಂಡುಗಳಲ್ಲಿ ಮೂರು ಉಪ್ಪಿನಲ್ಲಿ ಹೂತುಹೋಗಿವೆ. ಒಂದೇ ಹಿಡಿದಿತ್ತು. ಎಳೆದು ನೋಡಿದರೆ ಗಟ್ಟಿ ಅನ್ನಿಸುತ್ತದೆ, ಒತ್ತಡ ಬಂದರೆ ಹಾರುತ್ತದೆ.

ಅವನು ಸರಿಯಾಗಿಯೇ ಕೂಡಿಸಿದ್ದ.

ಊಟದ ಡಬ್ಬಿ ಬಿಚ್ಚಲಿಲ್ಲ. ಹಾಗೇ ವಾಪಸ್ ತಂದೆ.

1 ಮಾರ್ಚ್

ಬರೆಯಲು ಮನಸ್ಸಿರಲಿಲ್ಲ. ಪಿಸ್ಟನ್ನಿಗೆ ರಬ್ಬರಿನ ತುಟಿ ಕೂಡಿಸಿದೆ, ಪ್ರತಿ ಸಲ ಹೋಗಿಬರುವಾಗ ಉಪ್ಪನ್ನು ಕೆರೆದು ಹಾಕುತ್ತದೆ. ಬೋರ್ ನೀರಿನ ಡ್ರಮ್ ತರಿಸಿದ್ದೇನೆ. ಸೋಸುವುದಿಲ್ಲ. ಬಟ್ಟೆಯನ್ನು ಮಡಿಸಿ ಮನೆಗೆ ತಂದುಬಿಟ್ಟೆ. ಹನ್ನೆರಡು ದಿನವೂ ಪ್ಯಾಕಿಂಗ್ ಕಡೆ ಹೋಗದೆ ಹಿಂದಿನ ಗೇಟಿನಿಂದ ಓಡಾಡಿದೆ. ನಾಚಿಕೆಗೇಡು.

8 ಮಾರ್ಚ್, ಸೋಮವಾರ

ಷೆಡ್ಡಿನಲ್ಲಿ ಆರು ಬಸ್ ತೊಳೆದೆವು. ಊಟದ ಮೊದಲು ಮೂರು, ಆಮೇಲೆ ಮೂರು. ಎಲ್ಲೂ ನಿಲ್ಲಲಿಲ್ಲ. ಬದರಿನಾಥ್ ಕೈ ಕುಲುಕಿದರು.

ಡಬ್ಬ ಇಳಿಸಲು ಏಕಾಂತಪ್ಪ ಬಂದಿದ್ದ. ಕೊನೆಯ ಬಸ್ಸಿಗೆ ಗನ್ನನ್ನು ಅವನ ಕೈಗೇ ಕೊಟ್ಟೆ. ರೂಲ್ ಮುರಿದಂತಾಯಿತು, ಆಗಲಿ. ಬಿಟ್ಟ, ಒತ್ತಿದ. ತಿರುಗಿತು. ಒಂದು ಸಲ ಅಭ್ಯಾಸಬಲದಿಂದ ಎಡಗೈ ಮೂತಿಯ ಕಡೆ ಹೋಗಿ ನಡುವೆಯೇ ನಿಂತಿತು. ಅಲ್ಲಿ ಮಾಡುವುದೇನೂ ಇರಲಿಲ್ಲ.

ಗನ್ ವಾಪಸ್ ಕೊಡುತ್ತಾ ಹೇಳಿದ, “ಚೊಲೊ ಆತ್ರಿ ಸರ. ಅವತ್ತ ನಂದ ತಪ್ಪ. ಸರಿ ಕೂಡ್ಸಿರ್ಲಿಲ್ಲ ನಾನು. ಮನ್ಯಾಗೂ ಹಂಗ ಹೇಳೇನಿ.”

ಇಲ್ಲ ಎನ್ನಬೇಕಿತ್ತು. ತಲೆ ಆಡಿಸಿದೆ, ಹೌದು ಎನ್ನುವ ಹಾಗೆ.

ಸಂಜೆ ಬದರಿನಾಥ್ ರೂಮಿಗೆ ಹೋಗಿ ಹಳೆಯ ಕಪ್ಲಿಂಗಿನ ಆ ಮೂರು ಗುಂಡುಗಳನ್ನು ಮೇಜಿನ ಮೇಲಿಟ್ಟೆ. ಒಂದನ್ನು ಉಗುರಿನಲ್ಲಿ ಕೆರೆದು ನೋಡಿದರು. ಹಳೆಯ ಕಪ್ಲಿಂಗ್ ಮುನ್ನೂರು ಕಡೆ ಇದೆ, ಕೆದಕಿದರೆ ಎಲ್ಲವನ್ನೂ ವಾಪಸ್ ತರಿಸಬೇಕು, ಹೊಸದು ಬಂತಲ್ಲ, ಬಿಟ್ಟುಬಿಡಿ ಎಂದರು. ಒಳ್ಳೆಯ ದನಿಯಲ್ಲೇ ಅಂದರು.

ಮುನ್ನೂರು ಕಡೆ. ಎಲ್ಲ ಕಡೆಯೂ ಬೋರ್ ನೀರೇ.

9 ಮಾರ್ಚ್. ಬೆಳಿಗ್ಗೆ 6.10

ಲಾರಿ ಇಲ್ಲ. ಕೊಡಗಳು ಸಾಲಿನಲ್ಲಿವೆ. ಆಫೀಸಿನಲ್ಲಿ ಕೂತು ಬರೆಯಲು ಆಗುವುದಿಲ್ಲ, ಇಲ್ಲೇ ಕರಡು ಮಾಡುತ್ತೇನೆ. ಒಂದು ಪ್ರತಿ ಬದರಿನಾಥ್‌ಗೆ, ಒಂದು ಏಕಾಂತಪ್ಪನಿಗೆ. ಅವನದು ಕನ್ನಡದಲ್ಲಿ, ಮನೆಯವರೂ ಓದಲಿ.

‘ಜೂನ್ 2002ರ ಅಪಘಾತದ ಬಗ್ಗೆ ನಾನು ಸಹಿ ಮಾಡಿದ ರಿಪೋರ್ಟ್ ತಪ್ಪು. ಏಕಾಂತಪ್ಪನವರು ನಾಜಲನ್ನು ಸರಿಯಾಗಿಯೇ ಕೂಡಿಸಿದ್ದರು. ಅದು ಹಾರಿದ್ದು ಕಪ್ಲಿಂಗ್‌ನ ದೋಷದಿಂದ—’

ಇಲ್ಲ. ಕಪ್ಲಿಂಗ್ ತಾನಾಗಿ ಹುಟ್ಟಲಿಲ್ಲ. ಹೊಡೆದುಹಾಕಿದೆ. ಮತ್ತೆ.

‘ಅದು ಹಾರಿದ್ದು ನನ್ನ ಡಿಸೈನಿನ ತಪ್ಪಿನಿಂದ. ಅದೇ ಕಪ್ಲಿಂಗ್ ಇನ್ನೂ ಮುನ್ನೂರು ಕಡೆ ಇದೆ.’